ಮೇಲುಮೇಲಿನ ಗಾಯ

ಗುಬ್ಬಿಯ ಬ್ಯೂಟಿ ಪಾರ್ಲರಿನ ಕುರ್ಚಿಯಲ್ಲಿ ಕೂತು ಕತ್ತು ಹಿಂದಕ್ಕೆ ಚೆಲ್ಲಿದ ಮೇಲೆ ಎಲ್ಲರೂ ಒಂದೇ. ಬ್ಯಾಂಕಿನ ಮ್ಯಾನೇಜರಮ್ಮನೂ ಅಷ್ಟೆ, ಎದುರಿನ ಔಷಧಿ ಅಂಗಡಿಯವನ ಹೆಂಡತಿಯೂ ಅಷ್ಟೆ. ಹುಬ್ಬಿಗೆ ದಾರ ಹಾಕಿ ಎಳೆದರೆ ಇಬ್ಬರ ಕಣ್ಣಲ್ಲೂ ನೀರು. ಮುಖಕ್ಕೆ ಕ್ರೀಮು ಹಚ್ಚಿ ಗಲ್ಲದಿಂದ ಕಿವಿಯ ಕಡೆಗೆ ಮೆಲ್ಲಗೆ ತೀಡತೊಡಗಿದರೆ ಇಬ್ಬರ ಬಾಯಿಂದಲೂ ಮನೆಯ ಗುಟ್ಟು ಹೊರಬೀಳುತ್ತಿತ್ತು. ಅತ್ತೆಯ ಕಾಟ, ಗಂಡನ ಗೊರಕೆ, ಮಗಳು ಯಾರ ಜೊತೆಗೋ ಓಡಾಡುತ್ತಿರುವುದು, ಹೀಗೆ ಆ ಬೀದಿಯ ಅರ್ಧ ಸಂಸಾರ ಗುಬ್ಬಿಯ ಕಿವಿಯಲ್ಲಿತ್ತು. ಅದು ಅಲ್ಲಿಂದ ಹೊರಗೆ ಹೋಗಿದ್ದನ್ನು ಕಂಡವರಿಲ್ಲ.

ಹುಟ್ಟಿದಾಗ ಅಂಗೈಯಷ್ಟಿದ್ದಳು, ಒಂದೇ ಸಮನೆ ಚಿಲಿಪಿಲಿ ಅನ್ನುತ್ತಿದ್ದಳು ಎಂದು ಅಪ್ಪ ಇಟ್ಟ ಅಡ್ಡಹೆಸರು ಗುಬ್ಬಿ. ಈಗ ಐವತ್ತು ದಾಟಿ, ಮೈ ತುಂಬಿ, ಪಾರ್ಲರಿನ ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರುವುದು ಕಷ್ಟ. ಹೆಸರು ಮಾತ್ರ ಹೋಗಲಿಲ್ಲ. ಆ ಹೆಸರನ್ನು ಅದರ ಹಳೆಯ ಮುದ್ದಿನಲ್ಲೇ ಕರೆಯುವವರು ಅಂತ ಉಳಿದಿದ್ದವಳು ಅಕ್ಕ ಒಬ್ಬಳೇ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಅಕ್ಕ. ಒಂದು ಪದ ಸಿಕ್ಕರೆ ಅದರ ಅಪ್ಪ ಯಾರು, ಅಜ್ಜ ಯಾರು, ಯಾವ ಭಾಷೆಯಿಂದ ಗಂಟುಮೂಟೆ ಕಟ್ಟಿಕೊಂಡು ಬಂತು ಎಂದು ಜಾತಕ ಬಿಚ್ಚುವ ಅಕ್ಕ. ಊಟಕ್ಕೆ ಕೂತಾಗಲೂ ಆ ಚಾಳಿ ಬಿಡುತ್ತಿರಲಿಲ್ಲ. ಭಾವ, ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದ ಮೆದು ಮನುಷ್ಯ, ಸಾರು ಆರುವವರೆಗೂ ತಲೆ ಅಲ್ಲಾಡಿಸುತ್ತಾ ಕೇಳುತ್ತಿದ್ದರು.

ಅಕ್ಕ ತಂಗಿಗೆ ಮಾತಿಗೇನೂ ಕೊರತೆಯಿರಲಿಲ್ಲ. ಊಟ ಆಯ್ತಾ, ಬಿಸಿಲು ಜಾಸ್ತಿ ಅಲ್ವಾ, ಭಾವನ ಮಂಡಿ ಹೇಗಿದೆ, ನಿನ್ನ ಪಾರ್ಲರಿನ ಗೀಸರ್ ರಿಪೇರಿ ಆಯ್ತಾ. ಅಷ್ಟೇ. ಫೋನಿಟ್ಟ ಮೇಲೆ ಗುಬ್ಬಿಗೆ ಪ್ರತಿ ಸಲವೂ ಹಸಿವೆ ತೀರದೆ ಎದ್ದ ಹಾಗಾಗುತ್ತಿತ್ತು. ಹೀಗಾಗಿದ್ದು ಅಮ್ಮ ತೀರಿಕೊಂಡ ದಿನದಿಂದ.

ಅಮ್ಮ ಎಂಥವಳೆಂದರೆ, ಹಾಲಿನವನು ಬಾಗಿಲು ತಟ್ಟಿದರೂ ತಲೆಗೊಂದು ಬಾಚಣಿಗೆ ಆಡಿಸದೆ ಬಾಗಿಲು ತೆಗೆದವಳಲ್ಲ. ಅಂಥವಳು ಕೊನೆಯ ದಿನಗಳಲ್ಲಿ ಕೂದಲು ಜಡೆಗಟ್ಟಿ, ತುಟಿ ಒಡೆದು ಮಲಗಿದ್ದಳು. ಉಸಿರು ನಿಂತ ಮೇಲೆ, ಜನ ಬರುವ ಮುಂಚೆ, ಗುಬ್ಬಿ ತನ್ನ ಚೀಲದಿಂದ ಬಾಚಣಿಗೆ ತೆಗೆದು ಸಿಕ್ಕು ಬಿಡಿಸಿದಳು. ತುಟಿಗೆ ಚೂರು ಕ್ರೀಮು ಸವರಿದಳು. ಕಣ್ಣಿನ ಕೆಳಗಿನ ಕಪ್ಪಿಗೆ ಅಂಗೈಯಲ್ಲಿ ತುಸು ಪೌಡರು ತಟ್ಟಿಕೊಂಡು ಕೈ ಮುಂದೆ ಮಾಡಿದ್ದಳಷ್ಟೆ, ಅಕ್ಕ ಕಾಲೇಜಿನವರನ್ನು ಕರೆದುಕೊಂಡು ಒಳಗೆ ಬಂದಳು. ಅತ್ತು ಅತ್ತು ಕೆಂಪಗಾಗಿದ್ದ ಕಣ್ಣು. ತಂಗಿಯ ಕೈಯಲ್ಲಿದ್ದ ಪೌಡರ್ ನೋಡಿದಳು. ಇಂಗ್ಲಿಷಿನಲ್ಲಿ ಒಂದು ಮಾತು ಅಂದಳು. ಸೂಪರ್‌ಫಿಷಿಯಲ್ ಅನ್ನುವ ಪದ ಅದರಲ್ಲಿತ್ತು.

ಗುಬ್ಬಿಗೆ ಆ ಪದ ಗೊತ್ತಿರಲಿಲ್ಲ. ಆದರೆ ಮುಖ ಓದಿಯೇ ಹೊಟ್ಟೆ ಹೊರೆಯುವವಳಿಗೆ ಪದದ ಅರ್ಥ ಯಾಕೆ ಬೇಕು? ದಪ್ಪ ಕನ್ನಡಕದ ಮೇಡಂ ಒಬ್ಬರು ಸರಕ್ಕನೆ ಕಿಟಕಿಯ ಕಡೆ ತಿರುಗಿಕೊಂಡರು. ಇನ್ನೊಬ್ಬರು ಸೀರೆಯ ಸೆರಗು ಸರಿಮಾಡಿಕೊಂಡರು. ಅಷ್ಟು ಸಾಕಾಯಿತು. ಅವಳು ಪೌಡರನ್ನು ತನ್ನ ಸೀರೆಗೇ ಒರೆಸಿಕೊಂಡು ಅಡುಗೆಮನೆಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿದಳು.

ಕೆಲವು ದಿನಗಳಾದ ಮೇಲೆ ಹುಬ್ಬು ತೀಡಿಸಿಕೊಳ್ಳಲು ಬಂದ ಕಾಲೇಜು ಹುಡುಗಿಯೊಬ್ಬಳನ್ನು ಏನೂ ಗೊತ್ತಿಲ್ಲದವಳಂತೆ ಕೇಳಿದಳು: "ಸೂಪರ್‌ಫಿಷಿಯಲ್ ಅಂದ್ರೆ ಏನಮ್ಮಾ?"

"ಆಳ ಇಲ್ದೋರು ಆಂಟಿ. ಬರೀ ಮೇಲ್ಮೇಲೆ ಥಳುಕು, ಒಳಗೆ ಏನೂ ಇಲ್ಲ, ಅಂಥೋರು," ಎಂದಳು ಹುಡುಗಿ, ಕಣ್ಣು ಮುಚ್ಚಿಕೊಂಡೇ.

ಗುಬ್ಬಿ ಅವಳ ಎರಡನೇ ಹುಬ್ಬನ್ನೂ ಅಷ್ಟೇ ಜತನದಿಂದ ತೀಡಿ ಕಳಿಸಿದಳು. ಆ ಪದ ಮಾತ್ರ ಉಗುರಿನ ಸಂದಿಗೆ ಹೋದ ಸಿಬಿರಿನಂತೆ ಒಳಗೇ ಉಳಿಯಿತು. ಹೊರಗೆ ಕಾಣುವುದಿಲ್ಲ, ಮುಟ್ಟಿದಾಗೆಲ್ಲ ಚುಚ್ಚುತ್ತದೆ. ಅಕ್ಕ ಎಂದಾದರೂ ಒಂದು ದಿನ ಅದನ್ನು ತಾನಾಗಿಯೇ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ ಎಂದು ಅವಳು ಕಾದಳು. ವರ್ಷಗಳು ಹೋದವು. ಅಕ್ಕನ ತಲೆ ನರೆಯಿತು. ಆಮೇಲೆ ಒಂದು ದಿನ ಅಕ್ಕನ ಬೆನ್ನಿನಲ್ಲೊಂದು ಗಂಟು ಕಾಣಿಸಿಕೊಂಡಿತು. ಗಂಟು ತೆಗೆದರು, ಏನೂ ಇಲ್ಲ ಅಂದರು, ಮತ್ತೆ ಇದೆ ಅಂದರು. ಔಷಧಿಯ ಕಾವಿಗೆ ಅಕ್ಕನ ತಲೆಗೂದಲು ಉದುರಿತು, ರೆಪ್ಪೆ ಉದುರಿತು, ಹುಬ್ಬೂ ಉದುರಿತು. ಗುಬ್ಬಿ ವಾರಕ್ಕೊಮ್ಮೆ ಹಣ್ಣು ಹಿಡಿದುಕೊಂಡು ಹೋಗಿ, ಊಟ ಆಯ್ತಾ ಎಂದು ಕೇಳಿ ಬರುತ್ತಿದ್ದಳು. ಅಕ್ಕ ಹೋಗಿಬಿಟ್ಟರೆ ಆ ಪದವನ್ನು ಯಾರು ತೆಗೆಯುತ್ತಾರೆ ಎಂಬ ಯೋಚನೆ ಬಂದು, ಇಂಥ ಹೊತ್ತಲ್ಲೂ ನನ್ನದೇ ನನಗೆ ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಗಿರಾಕಿಯಿಲ್ಲದೆ ಟವೆಲು ಮಡಚುತ್ತಾ ಕೂತಿದ್ದಾಗ ಅಕ್ಕನ ಫೋನು ಬಂತು.

"ಗುಬ್ಬಿ, ನಿನ್ನ ಸಾಮಾನು ತಗೊಂಡು ಮನೆಗೆ ಬರ್ತೀಯಾ?"

"ಯಾಕಕ್ಕಾ?"

"ಸೋಮವಾರ ಕಾಲೇಜಲ್ಲಿ ನನಗೆ ಬೀಳ್ಕೊಡುಗೆ ಇಟ್ಕೊಂಡಿದಾರೆ. ತಲೆಗೇನೋ ಸ್ಕಾರ್ಫ್ ಕಟ್ಕೋತೀನಿ. ಹುಬ್ಬಿಗೆ ಏನು ಕಟ್ಲಿ? ಹೀಗೇ ಹೋದ್ರೆ ಮಕ್ಕಳು ಹೆದರ್ಕೋತಾರೆ. ಒಂದ್ಸಲ ಬರೆದು ನೋಡು, ಹೇಗೆ ಕಾಣುತ್ತೆ ಅಂತ."

ಇಷ್ಟು ವರ್ಷದಲ್ಲಿ ಅಕ್ಕ ಒಂದು ದಿನಕ್ಕೂ ಪಾರ್ಲರಿನ ಮೆಟ್ಟಿಲು ಹತ್ತಿದವಳಲ್ಲ, ಒಂದು ಹುಬ್ಬಿನ ಕೂದಲನ್ನೂ ತಂಗಿಯ ಕೈಗೆ ಕೊಟ್ಟವಳಲ್ಲ. ಪಾರ್ಲರಿನ ಬಾಗಿಲು ಎಳೆದುಕೊಂಡು, ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು ಓಡಿದಳು.

ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಹುಬ್ಬಿಲ್ಲದ ಆ ಮುಖ ಯಾವಾಗಲೂ ಯಾವುದೋ ಸುದ್ದಿ ಕೇಳಿ ಬೆರಗಾದಂತೆ ಇರುತ್ತಿತ್ತು. ಗುಬ್ಬಿ ಹತ್ತಿಯಿಂದ ಮುಖ ಒರೆಸಿದಳು. ಮೂಳೆ ಕೈಗೆ ತಾಗಿತು. ಒಣಗಿದ ಚರ್ಮಕ್ಕೆ ಕ್ರೀಮು ಹಚ್ಚಿದಳು, ಅದರ ಮೇಲೆ ಮೈಬಣ್ಣದ ಲೇಪ ತೆಳ್ಳಗೆ ತಟ್ಟಿದಳು. ಹಣೆ ಅಳೆದು, ಮೂಗಿನ ನೇರಕ್ಕೆ ಕಡ್ಡಿ ಹಿಡಿದು, ಹುಬ್ಬು ಎಲ್ಲಿ ಶುರುವಾಗಬೇಕು, ಎಲ್ಲಿ ಬಾಗಬೇಕು ಎಂದು ಗುರುತು ಮಾಡಿಕೊಂಡು ಪೆನ್ಸಿಲು ಹಿಡಿದಳು. ಒಂದೊಂದೇ ಕೂದಲು ಬರೆದ ಹಾಗೆ ಬರೆದಳು. ಬರೆಯುವಾಗ ಅಕ್ಕನ ಉಸಿರು ಅವಳ ಮುಂಗೈಗೆ ತಾಗುತ್ತಿತ್ತು. ಇಷ್ಟು ಹತ್ತಿರ ಅವರಿಬ್ಬರೂ ಚಿಕ್ಕವರಿದ್ದಾಗ ಒಂದೇ ಹೊದಿಕೆಯಲ್ಲಿ ಮಲಗುತ್ತಿದ್ದಾಗ ಇದ್ದರು, ಆಮೇಲೆ ಇಲ್ಲ. ಗುಬ್ಬಿಗೆ ಸುಖವೂ ಆಯಿತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಕೆಲಸ ಮುಗಿಸಿದಳು. ತನ್ನ ಜೀವಮಾನದಲ್ಲೇ ಅಷ್ಟು ಚೆಂದದ ಹುಬ್ಬು ಬರೆದಿರಲಿಲ್ಲ ಅನ್ನಿಸಿತು.

ಕೈಗನ್ನಡಿ ಕೊಟ್ಟಳು. ಅಕ್ಕ ತುಂಬ ಹೊತ್ತು ನೋಡಿದಳು.

"ಚೆನ್ನಾಗಿದೆ ಕಣೇ," ಎಂದಳು. ಆಮೇಲೆ, "ಆದ್ರೆ ಇದು ನಾನಲ್ಲ."

"ಅಂದ್ರೆ?"

"ಎಡಗಡೆ ಹುಬ್ಬಲ್ಲಿ ಗೀರು ಎಲ್ಲಿ?"

ಗುಬ್ಬಿ ಪೆನ್ಸಿಲು ಹಿಡಿದೇ ಬಗ್ಗಿ ನೋಡಿದಳು. ಗೀರು! ಅಕ್ಕನ ಎಡ ಹುಬ್ಬಿನ ನಡುವೆ ಕೂದಲು ಬೆಳೆಯದ ಒಂದು ಸಣ್ಣ ಸಂದು. ಚಿಕ್ಕಂದಿನಲ್ಲಿ ಒಂದೇ ಕೈಗನ್ನಡಿಗಾಗಿ ಇಬ್ಬರೂ ಕಿತ್ತಾಡಿದ್ದರು. ಸಿಗಲಿಲ್ಲವೆಂಬ ಸಿಟ್ಟಿಗೆ ಗುಬ್ಬಿ ಅದನ್ನು ಎಳೆದು ಬೀಸಿದ್ದಳು, ಕನ್ನಡಿಯ ಅಂಚು ಅಕ್ಕನ ಹುಬ್ಬು ಸೀಳಿತ್ತು. ಕಣ್ಣಿಗೆ ರಕ್ತ ಇಳಿಯುತ್ತಿದ್ದರೂ ಅಕ್ಕ, ನಾನೇ ಬಾಗಿಲಿಗೆ ಹೊಡ್ಕೊಂಡೆ ಎಂದು ಅಮ್ಮನಿಗೆ ಸುಳ್ಳು ಹೇಳಿದ್ದಳು. ಗುಬ್ಬಿ ಮಂಚದ ಕೆಳಗೆ ಉಸಿರು ಬಿಗಿಹಿಡಿದು ಕೂತಿದ್ದಳು.

ಕೂದಲು ಉದುರಿದರೂ ಚರ್ಮದ ಮೇಲೆ ಆ ಗೆರೆ ಇದ್ದೇ ಇತ್ತು. ಲೇಪ ತಟ್ಟುವಾಗ ಬೆರಳಿಗೆ ತಾಗಿಯೂ ಇತ್ತು. ಆದರೆ ಅದು ಪಾರ್ಲರಿನ ಬೆರಳು. ಕಲೆ ಸಿಕ್ಕಿತೋ, ಯಾರದು ಏನು ಎಂದು ಕೇಳದೆ ಮುಚ್ಚಿಬಿಡುತ್ತದೆ. ಸಂದು ಕಂಡಿತೋ, ತುಂಬಿಬಿಡುತ್ತದೆ. ಅಷ್ಟು ವರ್ಷ ಸಾವಿರಾರು ಹೆಂಗಸರ ಮುಖದ ಮೇಲೆ ಮಾಡಿದ್ದನ್ನೇ ಅಕ್ಕನ ಮುಖದ ಮೇಲೂ ಮಾಡಿತ್ತು.

"ನೀನೇ ಕೊಟ್ಟಿದ್ದು, ನೀನೇ ಮರ್ತೆಯಲ್ಲೇ," ಎಂದು ಅಕ್ಕ ನಕ್ಕಳು. ಅದರಲ್ಲಿ ಕೊಂಕೇನೂ ಇರಲಿಲ್ಲ. ಇದ್ದಿದ್ದು ತಮಾಷೆ ಮಾತ್ರ. ಆದರೆ ನಾಚಿಕೆಯಾದವರಿಗೆ ತಮಾಷೆ ತಮಾಷೆಯಾಗಿ ಕೇಳಿಸುವುದಿಲ್ಲ. ಗುಬ್ಬಿಯ ಮುಖಕ್ಕೆ ರಪ್ಪನೆ ಹೊಡೆದಂತಾಯಿತು. ಎಷ್ಟೋ ವರ್ಷದಿಂದ ನುಂಗಿಕೊಂಡಿದ್ದು ಬಾಯಿಗೆ ಬಂದುಬಿಟ್ಟಿತು.

"ಹೌದಲ್ಲ ಮತ್ತೆ! ನಾನು ಸೂಪರ್‌ಫಿಷಿಯಲ್ ತಾನೇ! ನೀನೇ ಅವತ್ತು ಹತ್ತು ಜನರ ಮುಂದೆ ಹೇಳಿದ್ಯಲ್ಲ!"

"ಏನು? ಯಾವತ್ತು?"

"ಅಮ್ಮ ಹೋದ ದಿನ. ಅಮ್ಮನ ಮುಖಕ್ಕೆ ಪೌಡರ್ ಹಚ್ಚೋಕೆ ಹೋದಾಗ."

ಅಕ್ಕ ಕನ್ನಡಿಯನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದಳು. ಬರೆದ ಹುಬ್ಬುಗಳು ಹತ್ತಿರ ಸರಿದವು. ನಿಜವಾಗಿ ಹುಡುಕುತ್ತಿದ್ದಳು, ನಟನೆಯಲ್ಲ. ಯಾವ ಮುಖ ನಟಿಸುತ್ತಿದೆ, ಯಾವುದು ಇಲ್ಲ ಎಂದು ಗುಬ್ಬಿಗೆ ಹೇಳಿಕೊಡಬೇಕಾಗಿಲ್ಲ.

"ನಾನು ಹಾಗಂದಿದ್ನಾ?" ಎಂದಳು ಅಕ್ಕ ಕೊನೆಗೆ. "ನಂಗೆ ನೆನಪೇ ಇಲ್ವಲ್ಲೇ."

ಅಂದಿಲ್ಲ ಎಂದು ಅಕ್ಕ ಜಗಳಕ್ಕೆ ಬಂದಿದ್ದರೆ ಗುಬ್ಬಿ ಜಗಳವಾಡಬಹುದಿತ್ತು. ಅಂದಿದ್ದು ಸರಿ ಎಂದಿದ್ದರೆ ಎದ್ದು ಹೋಗಬಹುದಿತ್ತು. ತಾನು ದಿನವೂ ಮುಟ್ಟಿ ಮುಟ್ಟಿ ನೋಡಿಕೊಂಡ ಗಾಯ ಕೊಟ್ಟವಳಿಗೆ ನೆನಪೇ ಇಲ್ಲ ಎಂದರೆ ಏನು ಮಾಡುವುದು? ಗೀರು ಮುಚ್ಚಿದ ಬೆರಳುಗಳಲ್ಲಿ ಪೆನ್ಸಿಲು ಇನ್ನೂ ಇತ್ತು. ಅದನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಒತ್ತಿದಳು.

ಮಾತು ತೋಚದಿದ್ದಾಗ ಅಕ್ಕ ಮಾಡುತ್ತಿದ್ದುದೊಂದೇ, ಪಾಠ.

"ಅದು ಮೊದಲು ಬೈಗುಳ ಅಲ್ಲ ಕಣೇ ಗುಬ್ಬಿ. ಲ್ಯಾಟಿನ್‌ದು. ಸೂಪರ್ ಅಂದ್ರೆ ಮೇಲೆ. ಫೇಸೀಸ್ ಅಂದ್ರೆ ರೂಪ, ಮುಖ. ಎರಡೂ ಸೇರಿ ಮೇಲ್ಮೈ ಅಂತಾಯ್ತು. ಹಳೇ ಕಾಲದಲ್ಲಿ ಮೈಯ ಮೇಲ್ಭಾಗದ್ದು, ಚರ್ಮದ ಹತ್ತಿರದ್ದು ಅಂತ ಹೇಳೋಕೆ ಬಳಸ್ತಿದ್ರು. ಮೇಲಿನದು, ಅಷ್ಟೇ. ಆಮೇಲೆ ನನ್ನ ಥರದ ಓದಿದೋರು ಸೇರಿ, ಮೇಲೆ ಇರೋದೆಲ್ಲ ಕಡಿಮೆ ಅಂತ ತೀರ್ಮಾನ ಮಾಡಿದ್ರು."

"ಸರಿ ಮೇಡಂ," ಎಂದಳು ಗುಬ್ಬಿ.

ಮೇಡಂ ಅಂದಿದ್ದು ಅಕ್ಕನಿಗೆ ತಾಗಿತು. ದನಿ ಇಳಿಯಿತು.

"ಈ ಗಂಟು ಮೊದಲ್ನೇ ಸಲ ತೆಗೆದಾಗ ಡಾಕ್ಟ್ರು ಅದೇ ಪದ ಅಂದ್ರು ಗೊತ್ತಾ? ಸೂಪರ್‌ಫಿಷಿಯಲ್, ಮೇಲ್ಮೇಲಿಂದು, ಭಯ ಬೇಡ ಅಂದ್ರು. ಅಷ್ಟು ವರ್ಷ ಪಾಠ ಮಾಡಿದೀನಿ, ಆ ಪದ ಅಷ್ಟು ಚೆಂದ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಡಾಕ್ಟ್ರ ಕೈ ಹಿಡ್ಕೊಂಡು ಅತ್ತುಬಿಟ್ಟೆ. ಆಮೇಲೆ ಅದು ಒಳಗೆ ಹೋಯ್ತು. ಆಳಕ್ಕೆ ಹೋಗಿದೆ ಅಂದ್ರು. ಆಳ ಆಳ ಅಂತ ಜೀವಮಾನವೆಲ್ಲ ಬಡ್ಕೊಂಡೆನಲ್ಲ, ತಗೋ ಆಳ."

ಗುಬ್ಬಿಗೆ ಬೇಕಿದ್ದುದು ಲ್ಯಾಟಿನ್ನಲ್ಲ, ಡಾಕ್ಟರ ಮಾತೂ ಅಲ್ಲ. ತಪ್ಪಾಯ್ತು ಕಣೇ ಎಂಬ ಎರಡು ಮಾತು. ಅದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಪೆಟ್ಟಿಗೆಯ ಹಿಡಿ ಹಿಡಿದುಕೊಂಡು ನಿಂತಳು. ಅಕ್ಕ ಸುಸ್ತಾಗಿ ಕಣ್ಣು ಮುಚ್ಚಿದಳು.

"ಸೋಮವಾರ ಬೆಳಿಗ್ಗೆ ಬಾ. ಆ ಗೀರು ಬಿಟ್ಟು ಬರಿ. ಬರ್ತೀಯಲ್ಲ?"

"ಸೋಮವಾರ ಮದುಮಗಳ ಬುಕಿಂಗ್ ಇದೆ. ನೋಡ್ತೀನಿ," ಎಂದಳು ಗುಬ್ಬಿ.

ಬುಕಿಂಗೂ ಇರಲಿಲ್ಲ, ಮದುಮಗಳೂ ಇರಲಿಲ್ಲ. ಆ ಸುಳ್ಳು ಹೇಗೆ ಬಾಯಿಗೆ ಬಂತೋ ಅವಳಿಗೇ ತಿಳಿಯದು. ಅಕ್ಕ ಕಣ್ಣು ತೆರೆದು ಅವಳನ್ನೊಮ್ಮೆ ನೋಡಿ, "ಹೂಂ, ನೋಡು," ಎಂದಳು. ಬೀದಿಯ ತಿರುವಿನಲ್ಲೇ ಗುಬ್ಬಿಗೆ ವಾಪಸು ಹೋಗಬೇಕೆನ್ನಿಸಿತು. ಹೋಗಲಿಲ್ಲ. ಸೋಮವಾರ ಹೋದರಾಯಿತು, ಬುಕಿಂಗ್ ಕ್ಯಾನ್ಸಲ್ ಆಯ್ತು ಅಂದರಾಯಿತು ಎಂದು ಸಮಾಧಾನ ಮಾಡಿಕೊಂಡಳು.

ಭಾನುವಾರ ಬೆಳಿಗ್ಗೆ ಎದ್ದು ಬ್ರಷ್ಷುಗಳನ್ನೆಲ್ಲ ತೊಳೆದು ಬಿಸಿಲಿಗೆ ಹರವಿದ್ದಳು. ಪೆನ್ಸಿಲನ್ನು ಹೊಸದಾಗಿ ಚೂಪು ಮಾಡಿಟ್ಟಿದ್ದಳು. ಭಾವನ ಫೋನು ಬಂತು.

"ಗುಬ್ಬಿ, ನಿನ್ನ ಸಾಮಾನು ತಗೊಂಡು ಬಾಮ್ಮ."

"ಇವತ್ತೇನಾ ಭಾವ? ನಾಳೆ ಅಲ್ವಾ?"

"ನಿನ್ನನ್ನ ಕರೆಸಿ ಅಂದಿದ್ಲು," ಎಂದರು ಭಾವ. ಅಂದಳು ಅನ್ನಲಿಲ್ಲ, ಅಂದಿದ್ದಳು ಅಂದರು. ಗುಬ್ಬಿ ಬಿಸಿಲಿಗೆ ಹರವಿದ್ದ ಬ್ರಷ್ಷುಗಳನ್ನು ಪೆಟ್ಟಿಗೆಗೆ ತುಂಬಿಕೊಂಡಳು.

ಅಕ್ಕನ ಮನೆಯ ಹಾಲಿನಲ್ಲಿ ಕಾಲೇಜಿನವರು ಆಗಲೇ ಬಂದು ನಿಂತಿದ್ದರು. ದಪ್ಪ ಕನ್ನಡಕದ ಮೇಡಂ ಕೂಡ ಇದ್ದರು, ಈಗ ಕೋಲೂರಿಕೊಂಡು. ಒಳಕೋಣೆಯ ಬಾಗಿಲು ಮುಚ್ಚಿತ್ತು. ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಭಾವ ಕೂತಿದ್ದರು. ಜೀವಮಾನದಲ್ಲಿ ಒಬ್ಬರಿಗೂ ಇಲ್ಲ ಅಂದವರಲ್ಲ ಅವರು. ಇವತ್ತು ಯಾರು ಬಂದು ಕೇಳಿದರೂ ತಲೆ ಅಡ್ಡಡ್ಡ ಆಡಿಸುತ್ತಿದ್ದರಂತೆ.

"ನಿನ್ನೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದಾಗ ಕಾರಲ್ಲಿ ಹೇಳಿದ್ಲು," ಎಂದರು ಭಾವ, ಎದ್ದು ದಾರಿ ಬಿಡುತ್ತಾ. "ಏನಾದ್ರೂ ಆದ್ರೆ ಗುಬ್ಬಿ ಬರೋವರೆಗೂ ನನ್ನ ಮುಖ ಯಾರಿಗೂ ತೋರಿಸ್ಬೇಡಿ ಅಂದ್ಲು. ಅಮ್ಮನಿಗೆ ಮಾಡಿದ ಹಾಗೇ ಮಾಡ್ಲಿ ಅಂದ್ಲು."

"ಇನ್ನೇನಾದ್ರೂ ಅಂದ್ಲಾ ಭಾವ?"

"ಇಲ್ಲಮ್ಮ. ನೋವು ಜಾಸ್ತಿ ಇತ್ತು."

ಗುಬ್ಬಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪೆಟ್ಟಿಗೆ ನೆಲಕ್ಕಿಟ್ಟು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಎಷ್ಟು ಅತ್ತರೂ ತೀರುವಂತಿರಲಿಲ್ಲ. ಹೊರಗೆ ಜನ ಕಾಯುತ್ತಿದ್ದರು. ಅವಳು ಕೈ ತೊಳೆದುಕೊಂಡು ಬಂದಳು.

ತುಟಿ ಒಡೆದಿತ್ತು, ಅಮ್ಮನದರ ಹಾಗೆಯೇ. ಕ್ರೀಮು ಸವರಿದಳು. ಕೆನ್ನೆಯನ್ನು ಗಲ್ಲದಿಂದ ಕಿವಿಯ ಕಡೆಗೆ ಮೆಲ್ಲಗೆ ಮೇಲಕ್ಕೇ ತೀಡಿದಳು, ಕೆಳಕ್ಕೆ ತೀಡಿದರೆ ಚರ್ಮ ಜೋಲುತ್ತದೆ ಎಂದು ಕಲಿತ ಕೈ. ಇನ್ನು ಜೋತುಬಿದ್ದರೆಷ್ಟು ಬಿಟ್ಟರೆಷ್ಟು ಎಂದು ಕೈಗೆ ಹೇಳುವ ಮನಸ್ಸಾಗಲಿಲ್ಲ. "ಊಟ ಆಯ್ತಾ ಅಂತ ಕೇಳೋಕ್ಕೇ ಬರ್ತಿದ್ನಲ್ಲೇ ಅಕ್ಕಾ," ಎಂದಳು. "ನಾಳೆ ಬುಕಿಂಗೇ ಇರ್ಲಿಲ್ಲ. ಸುಳ್ಳು ಹೇಳ್ದೆ ಕಣೇ."

ತಣ್ಣಗಿನ ಚರ್ಮದ ಮೇಲೆ ಪೆನ್ಸಿಲು ಜಾರಲಿಲ್ಲ. ಅದರ ಮೊನೆಯನ್ನು ಬೆರಳುಗಳ ನಡುವೆ ಹಿಡಿದು, ಬಾಯಿಯ ಹತ್ತಿರ ತಂದು ಊದಿ ಬಿಸಿ ಮಾಡಿಕೊಂಡಳು. ಬಲ ಹುಬ್ಬು ಬರೆದಳು. ಎಡಕ್ಕೆ ಬಂದಾಗ ಪೆನ್ಸಿಲು ಕೆಳಗಿಟ್ಟು ಕಣ್ಣು ಮುಚ್ಚಿಕೊಂಡಳು. ಲೇಪವಿಲ್ಲದ ಬರಿಯ ಚರ್ಮದ ಮೇಲೆ ಉಂಗುರದ ಬೆರಳನ್ನು ಆಡಿಸಿದಳು. ಸಿಕ್ಕಿತು. ಕೂದಲೆಳೆಯಷ್ಟು ತೆಳುವಾದ, ಸ್ವಲ್ಪ ನುಣುಪಾದ ಗೆರೆ. ಬೆರಳು ರೂಢಿಯಂತೆ ಲೇಪದ ಡಬ್ಬಿಯ ಕಡೆ ಹೊರಟಿತು. ಅವಳು ಡಬ್ಬಿಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿಬಿಟ್ಟಳು. ಆ ಗೆರೆಯ ಈಚೆ ಬರೆದಳು, ಆಚೆ ಬರೆದಳು, ನಡುವೆ ಅದನ್ನು ಹಾಗೇ ಬಿಟ್ಟಳು. ಮುಗಿಸಿ ನೋಡಿದರೆ ಅಕ್ಕ ಮಲಗಿದ್ದಳು, ಬೇರೆ ಯಾರೂ ಅಲ್ಲ.

ಬಾಗಿಲು ತೆರೆದಳು. ಎಲ್ಲರೂ ಒಬ್ಬೊಬ್ಬರಾಗಿ ಬಂದು ನೋಡಿದರು. ಮಲಗಿರೋ ಹಾಗಿದೆ, ಎಷ್ಟು ಕಳೆಯಾಗಿದಾರೆ ಎಂದು ಪಿಸುಗುಟ್ಟಿದರು. ದಪ್ಪ ಕನ್ನಡಕದ ಮೇಡಂ ಕೋಲೂರಿ ಬಗ್ಗಿ ತುಂಬ ಹತ್ತಿರದಿಂದ ನೋಡಿದರು. ಆಮೇಲೆ ಗುಬ್ಬಿಯ ತೋಳು ಮುಟ್ಟಿ, ಬೇರೆಯವರಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದರು.

"ತುಂಬ ಚೆನ್ನಾಗಿ ಮಾಡಿದೀರಮ್ಮ. ಈ ಕಡೆ ಹುಬ್ಬಲ್ಲಿ ಮಾತ್ರ ಒಂಚೂರು ಬಿಟ್ಟುಹೋಗಿದೆ ನೋಡಿ. ತುಂಬಿಬಿಡಿ."

"ಇರ್ಲಿ ಮೇಡಂ," ಎಂದಳು ಗುಬ್ಬಿ. "ಅದು ನಾನು ಮಾಡಿದ್ದು."

ಮೇಡಂ ಅರ್ಥವಾಗದೆ ಅವಳ ಮುಖ ನೋಡಿದರು. ಗುಬ್ಬಿ ಅಕ್ಕನ ತಲೆಯ ಹತ್ತಿರ ಜಾಗ ಮಾಡಿಕೊಂಡು ಕೂತಳು.